‘ಹಳೇದಾಗ್ಯಾದ್ರಿ, ಹೊಸಾದ್ ತಗೊಳ್ರಿ’: ಕಂಪ್ಯೂಟರ್ ನಿಜಕ್ಕೂ ಯಾವಾಗ ಹಳೆಯದಾಗುತ್ತದೆ?

ರಾಯಚೂರಿನ ಗಂಜ್ (ಕೃಷಿ ಮಾರುಕಟ್ಟೆ) ರಸ್ತೆಯಲ್ಲಿ ನನ್ನ ಗೆಳೆಯನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಪ್ಯಾನ್ ಕಾರ್ಡ್, ಜೆರಾಕ್ಸ್ ಎಲ್ಲ ಅಲ್ಲೇ ಆಗುತ್ತವೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಬೆರಳಚ್ಚು ಯಂತ್ರ. ಬಿಡುವಿದ್ದಾಗ ನಾನೂ ಹೋಗಿ ಕೂರುತ್ತೇನೆ.

ಒಂದು ಬೆಳಗ್ಗೆ ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಒಂದೂ ವೆಬ್‌ಸೈಟ್ ತೆರೆಯಲಿಲ್ಲ. ಯಾವುದನ್ನು ಒತ್ತಿದರೂ ಕೆಂಪು ಗುರುತು, ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಮಾನ್ವಿ ಕಡೆಯಿಂದ ಬಂದಿದ್ದ ರೈತರೊಬ್ಬರು ಮಗಳ ಅರ್ಜಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ‘ಸರ್ವರ್ ಡೌನ್ ಐತೇನ್ರಿ ಅಣ್ಣಾ?’ ಎಂದು ಎರಡು ಸಲ ಕೇಳಿದರು. ಪಕ್ಕದ ಹೊಸ ಕಂಪ್ಯೂಟರಿನಲ್ಲಿ ಎಲ್ಲವೂ ನಡೆಯುತ್ತಿತ್ತು. ರಿಪೇರಿಯವರನ್ನು ಕರೆಸಿದೆವು. ಅವರು ನಿಂತಲ್ಲಿಂದಲೇ ನೋಡಿ ಹೇಳಿದರು: ‘ಹಳೇದಾಗ್ಯಾದ್ರಿ, ಹೊಸಾದ್ ತಗೊಳ್ರಿ.’

ಅವರು ಹೋದ ಮೇಲೆ ನನ್ನ ಕಣ್ಣು ಪರದೆಯ ಕೆಳಗಿನ ಮೂಲೆಗೆ ಬಿತ್ತು. ಅಲ್ಲಿ ತಾರೀಖು 2015ರ ಜನವರಿ 1 ಎಂದಿತ್ತು.

ಕಂಪ್ಯೂಟರಿನ ಒಳಗಿನ ಮುಖ್ಯ ಫಲಕ, ಅಂದರೆ ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಸೆಲ್ ಇರುತ್ತದೆ. ಸಿಆರ್ 2032 ಅಂತ ಅದರ ಹೆಸರು, 3 ವೋಲ್ಟ್‌ದು. ಕರೆಂಟ್ ಇಲ್ಲದಾಗಲೂ ಕಂಪ್ಯೂಟರಿನ ಗಡಿಯಾರ ಓಡುವುದು ಅದರಿಂದ. ಕೆಲವು ವರ್ಷಕ್ಕೆ ಅದು ಸತ್ತುಹೋಗುತ್ತದೆ. ಆಮೇಲೆ ಸ್ವಿಚ್ ತೆಗೆದು ಹಾಕಿದಾಗಲೆಲ್ಲ ಗಡಿಯಾರ ಎಲ್ಲೋ ಹಿಂದಿನ ವರ್ಷಕ್ಕೆ ಹೋಗಿ ಕೂರುತ್ತದೆ. ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಕಂಪ್ಯೂಟರ್ ಇನ್ನೂ 2015ರಲ್ಲಿದ್ದರೆ ಇವತ್ತಿನ ಪ್ರಮಾಣಪತ್ರದ ಅವಧಿ ಅದರ ಲೆಕ್ಕದಲ್ಲಿ ಶುರುವೇ ಆಗಿರುವುದಿಲ್ಲ. ಅದಕ್ಕೇ ಬಾಗಿಲು ತೆರೆಯುವುದಿಲ್ಲ. ಇಷ್ಟೊಂದು ವರ್ಷ ಹಿಂದೆ ಹೋದ ಗಡಿಯಾರವನ್ನು ವಿಂಡೋಸ್ ಸಾಮಾನ್ಯವಾಗಿ ತಾನಾಗಿ ಸರಿ ಮಾಡಿಕೊಳ್ಳುವುದೂ ಇಲ್ಲ. ನಲವತ್ತು ರೂಪಾಯಿಯ ಸೆಲ್ ತಂದು ಹಾಕಿದೆವು. ತಾರೀಖು ತಿದ್ದಿದೆವು. ಮಾನ್ವಿಯ ರೈತರು ಮಧ್ಯಾಹ್ನದ ಬಸ್ಸಿಗೆ ರಸೀದಿ ಹಿಡಿದು ಹೋದರು.

ಆವತ್ತಿನಿಂದ ‘ಹಳೇದಾಗಿದೆ’ ಎಂಬ ಮಾತು ಕೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಈ ಒಂದು ಮಾತಿನಲ್ಲಿ ಮೂರ್ನಾಲ್ಕು ಬೇರೆ ಬೇರೆ ಸಂಗತಿ ಅಡಗಿವೆ. ಒಂದು ಬಿಡಿಭಾಗ ಸವೆದಿರಬಹುದು. ನಮ್ಮ ಊರಿನ ಬಿಸಿಲು, ದೂಳು, ಕರೆಂಟ್ ಅದನ್ನು ಹಾಳು ಮಾಡಿರಬಹುದು. ಇಲ್ಲವೇ ಯಂತ್ರ ಚೆನ್ನಾಗಿದ್ದೂ, ಅದನ್ನು ಮಾಡಿದವರು ‘ಇನ್ನು ಸಾಕು’ ಎಂದು ಕೈಬಿಟ್ಟಿರಬಹುದು. ಮೊದಲ ಎರಡಕ್ಕೆ ರಿಪೇರಿ ಇದೆ. ಮೂರನೆಯದಕ್ಕೆ ಇರುವುದು ಗಡುವು. ಯಾವುದು ಯಾವುದೆಂದು ಗೊತ್ತಾಗದೆ ಜನ ಸಾಲ ಮಾಡಿ ಹೊಸದು ಕೊಳ್ಳುತ್ತಾರೆ.

ಮೊದಲು ಬಿಸಿಲಿನ ಮಾತು. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕೈಪಿಡಿ ತೆಗೆದು ನೋಡಿ. ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಸುತ್ತಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಒಳಗೆ ಇರುವಲ್ಲಿ ಬಳಸಬೇಕು. ನಮ್ಮಲ್ಲಿ ಮಾರ್ಚ್ ಕಾಲಿಟ್ಟರೆ ಮಧ್ಯಾಹ್ನ 35 ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ವರ್ಷದ ಮೂರು ತಿಂಗಳು, ಎಸಿ ಇಲ್ಲದ ಎಷ್ಟೋ ಅಂಗಡಿ, ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ಲ್ಯಾಪ್‌ಟಾಪ್ ತನ್ನ ಮಿತಿ ಮೀರಿ ದುಡಿಯುತ್ತಿದೆ. ಇದನ್ನು ಮಾರುವಾಗ ಯಾರೂ ಹೇಳುವುದಿಲ್ಲ. ತಂಪು ಊರಿನಲ್ಲಿ ಕೂತು ಬರೆದ ಒಂದು ಸಾಲು ಅದು. ರಾಯಚೂರು, ಬಳ್ಳಾರಿ, ಕೊಪ್ಪಳದ ಮಟ್ಟಿಗೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರಬೇಕಾದ ಸಾಲು.

ಬಿಸಿ ಜಾಸ್ತಿಯಾದರೆ ಕಂಪ್ಯೂಟರಿನ ಮುಖ್ಯ ಚಿಪ್ಪಾದ ಪ್ರೊಸೆಸರ್ ತಕ್ಷಣ ಸುಟ್ಟು ಹೋಗುವುದಿಲ್ಲ. ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ನಮಗೆ ಕಾಣುವುದು ಬರೀ ‘ಸ್ಲೋ’. ಬೆಳಗ್ಗೆ ಚುರುಕಾಗಿದ್ದ ಯಂತ್ರ ಮಧ್ಯಾಹ್ನ ಎರಡರ ಹೊತ್ತಿಗೆ ತೆವಳುತ್ತಿದ್ದರೆ, ಸಂಜೆ ಮತ್ತೆ ಸರಿಯಾದರೆ, ಅದಕ್ಕೆ ವಯಸ್ಸಾಗಿಲ್ಲ. ಅದಕ್ಕೆ ಸೆಕೆಯಾಗಿದೆ.

ಅಂಗಡಿಯ ಅದೇ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದಾಗ ಕಂಡದ್ದನ್ನು ಹೇಳುತ್ತೇನೆ. ಗಂಜ್ ಹತ್ತಿರವೇ ಇರುವುದರಿಂದ ಹತ್ತಿಯ ಎಳೆ ಗಾಳಿಯಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಏರ್ ಕೂಲರ್ ಹಾಕುತ್ತೇವೆ. ಅದರ ತೇವದ ಗಾಳಿ ನೇರ ಕಂಪ್ಯೂಟರಿಗೆ ಬಡಿಯುವಂತೆ ಇಟ್ಟಿದ್ದೆವು, ಯಂತ್ರಕ್ಕೂ ತಂಪಾಗಲಿ ಅಂತ. ಒಳಗೆ ನೋಡಿದರೆ ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿನಲ್ಲಿ ಹತ್ತಿ, ದೂಳು, ತೇವ ಮೂರೂ ಸೇರಿ ಕಂಬಳಿಯಂಥ ಪದರ ಕಟ್ಟಿತ್ತು. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಚಿಮಟದಿಂದ ಎಳೆದರೆ ಒಂದೇ ತುಂಡಾಗಿ ಎದ್ದು ಬಂತು. ಪೇಂಟ್ ಬ್ರಷ್‌ನಿಂದ ಉಜ್ಜಿ, ಪ್ರೊಸೆಸರಿನ ಬಿಸಿಯನ್ನು ರೆಕ್ಕೆಗಳಿಗೆ ದಾಟಿಸುವ, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಕೂಲರ್ ಮುಖ ಆ ಕಡೆ ತಿರುಗಿಸಿದೆವು. ಆ ಮೇ ತಿಂಗಳು ಪೂರ್ತಿ ಅದು ನಿಲ್ಲದೆ ನಡೆಯಿತು.

ಕರೆಂಟ್ ಹೋದಾಗ ಕಂಪ್ಯೂಟರ್ ನಡೆಸುವ ಯುಪಿಎಸ್‌ನ ಬ್ಯಾಟರಿಗೂ ಇದೇ ಗತಿ. ಸೀಸದ ಬ್ಯಾಟರಿಯನ್ನು 25 ಡಿಗ್ರಿ ಲೆಕ್ಕದಲ್ಲಿ ಮಾಡಿರುತ್ತಾರೆ. ಅದರ ಮೇಲೆ ಸುಮಾರು 10 ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರಲ್ಲಿ ನಾಲ್ಕು ವರ್ಷ ಬಂದದ್ದು ಇಲ್ಲಿ ಎರಡಕ್ಕೇ ಕೈಕೊಟ್ಟರೆ ಮಾಲು ಖೋಟಾ ಅಂತ ಅಂದುಕೊಳ್ಳಬೇಡಿ. ಇಡೀ ಯುಪಿಎಸ್ ಬದಲಿಸಬೇಕಾಗಿಯೂ ಇಲ್ಲ. ಒಳಗಿನ 12 ವೋಲ್ಟ್ ಬ್ಯಾಟರಿಯೊಂದನ್ನು ಬದಲಿಸಿದರೆ ಸಾಕು.

‘ಸ್ಲೋ’ ಎಂಬ ದೂರಿಗೆ ಇನ್ನೊಂದು ದೊಡ್ಡ ಕಾರಣ ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆ ತಿರುಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಒಂದು ಸಣ್ಣ ಮುಳ್ಳು ಆ ಕಡೆ ಈ ಕಡೆ ಓಡಾಡಿ ಮಾಹಿತಿ ಹುಡುಕಬೇಕು. ಇವತ್ತಿನ ವಿಂಡೋಸ್ ಆನ್ ಆದ ತಕ್ಷಣ ಅಪ್‌ಡೇಟ್, ಆಂಟಿವೈರಸ್, ಇಂಡೆಕ್ಸಿಂಗ್ ಅಂತ ನೂರೆಂಟು ಕಡೆ ಒಟ್ಟಿಗೇ ಹುಡುಕಾಡಿಸುತ್ತದೆ. ಮುಳ್ಳು ಒಂದೇ. ಅದಕ್ಕೇ ಹತ್ತು ನಿಮಿಷ ಪರದೆ ಗಿರಗಿರ ತಿರುಗುತ್ತಲೇ ಇರುತ್ತದೆ. ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕುವ, ಚಿಪ್ಪಿನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹತ್ತು ವರ್ಷದ ಕಂಪ್ಯೂಟರಿಗೂ ಎಸ್‌ಎಸ್‌ಡಿ ಹಾಕಿದರೆ ಒಂದು ನಿಮಿಷದೊಳಗೆ ಕೆಲಸಕ್ಕೆ ಸಿದ್ಧವಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊಸದು ಕೊಳ್ಳುವ ಮುಂಚೆ ಇದೊಂದನ್ನು ಮಾಡಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಕಠಿಣವಾದ ವಿಷಯಕ್ಕೆ ಬರೋಣ. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಮೊದಲಿನಂತೆಯೇ ಆನ್ ಆಗುತ್ತದೆ, ಟೈಪ್ ಮಾಡುತ್ತದೆ, ಪ್ರಿಂಟ್ ಕೊಡುತ್ತದೆ. ಹೊಸದಾಗಿ ಸಿಗುವ ಭದ್ರತೆಯ ತೂತುಗಳನ್ನು ಮುಚ್ಚುವ ಕೆಲಸ ಮಾತ್ರ ನಿಂತಿತು. ಉಚಿತವಾಗಿ ವಿಂಡೋಸ್ 11ಕ್ಕೆ ಹೋಗಬಹುದು, ಆದರೆ ಯಂತ್ರ ಒಪ್ಪಬೇಕು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಕೆಲಸದ ಹೊತ್ತಿನಲ್ಲಿ ಮಾಹಿತಿ ಹಿಡಿದಿಡುವ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್. ಆ 8ನೇ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ.

ನಮ್ಮ ಊರುಗಳಿಗೆ ಇದರ ಪೆಟ್ಟು ಯಾಕೆ ಜಾಸ್ತಿ? ಹೈದರಾಬಾದ್, ಬೆಂಗಳೂರಿನ ಕಂಪನಿಗಳು ಬದಲಿಸಿ ಬಿಟ್ಟ ಕಂಪ್ಯೂಟರುಗಳು ಲಾಟ್‌ಗಟ್ಟಲೆ ಇಲ್ಲಿಗೆ ಬರುತ್ತವೆ. ಟೈಪಿಂಗ್ ಸೆಂಟರ್, ಕಿರಾಣಿ ಅಂಗಡಿಯ ಬಿಲ್ಲಿಂಗ್, ಅಡತಿ ಅಂಗಡಿಯ ಲೆಕ್ಕ, ಟ್ಯೂಷನ್ ಮನೆ, ಎಲ್ಲ ಕಡೆ ಅವೇ. ಅವುಗಳಲ್ಲಿ ಬಹಳಷ್ಟು 4, 5, 6ನೇ ತಲೆಮಾರಿನವು. ಸೆಕೆಂಡ್ ಹ್ಯಾಂಡ್ ಕೊಂಡವನಿಗೆ ಯಂತ್ರ ಬಂದು ಎರಡೇ ವರ್ಷ. ಕಂಪನಿಯ ಲೆಕ್ಕದಲ್ಲಿ ಅದರ ಕಾಲ ಮುಗಿದಿದೆ.

ಇಲ್ಲಿ ಕಂಪನಿಯ ವಾದವನ್ನೂ ಹೇಳಬೇಕು. ಟಿಪಿಎಂ ಸುಮ್ನೆ ಇಟ್ಟ ಷರತ್ತಲ್ಲ. ಮನೆಯ ಬೀಗದ ಕೈಯನ್ನು ಬಾಗಿಲ ಮೇಲೆ ಇಡುವುದಕ್ಕೂ ತಿಜೋರಿಯಲ್ಲಿ ಇಡುವುದಕ್ಕೂ ಇರುವ ವ್ಯತ್ಯಾಸ ಅದು. ಆನ್‌ಲೈನ್ ಸೆಂಟರಿನ ಕಂಪ್ಯೂಟರಿನಲ್ಲಿ ದಿನಕ್ಕೆ ಎಷ್ಟೋ ಜನರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಹಾದುಹೋಗುತ್ತವೆ. ಅಲ್ಲಿ ಭದ್ರತೆ ಬೇಡ ಅನ್ನಲು ನನ್ನಿಂದ ಆಗದು. ಆದರೆ ಹೊಸ ಬೀಗ ಹಾಕಲು ಆಗದ ಮನೆಯ ಹಳೆಯ ಬೀಗಕ್ಕೆ ಎಣ್ಣೆ ಬಿಡುವುದನ್ನೂ ನಿಲ್ಲಿಸಿದರೆ ಹೇಗೆ? ಓಡುತ್ತಿರುವ ಯಂತ್ರವನ್ನು ತಿಪ್ಪೆಗೆ ಹಾಕಿಸುವ ತೀರ್ಮಾನದ ಖರ್ಚು ತೀರ್ಮಾನ ಮಾಡಿದವರ ಮೇಲೆ ಬೀಳುವುದಿಲ್ಲ, ಕೊಂಡವನ ಮೇಲೆ ಬೀಳುತ್ತದೆ. ನನ್ನ ತಕರಾರು ಇಷ್ಟೇ.

ಮನೆ ಬಳಕೆಯ ವಿಂಡೋಸ್ 10 ಕಂಪ್ಯೂಟರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ಒಂದು ದಾರಿ ಕೊಟ್ಟಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಚಾಲೂ ಮಾಡಿದರೆ ದುಡ್ಡಿಲ್ಲ. ಇಲ್ಲದಿದ್ದರೆ 30 ಡಾಲರ್. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಗುಂಡಿ ಕಾಣುತ್ತದೆ. ಇದನ್ನು ಹೇಳದೆಯೇ ಹೊಸದು ಮಾರಿದವರು ಎಷ್ಟು ಜನವೋ.

ಇನ್ನೊಂದು ದಾರಿ, ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ತಂತ್ರಾಂಶ ಲಿನಕ್ಸ್. ಅದರದೊಂದು ಬಗೆಯಾದ ಉಬುಂಟು 24.04ಕ್ಕೆ 2029ರವರೆಗೆ ಉಚಿತ ಬೆಂಬಲ ಇದೆ. ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುವ ಮಿಂಟ್‌ನಂಥವೂ ಇವೆ. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷದಿಂದ ಇಂಥ ಮುಕ್ತ ತಂತ್ರಾಂಶದಲ್ಲೇ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿವೆ. ಕನ್ನಡ ಟೈಪಿಂಗ್‌ಗೂ ತೊಂದರೆ ಇಲ್ಲ. ನುಡಿ ತಂತ್ರಾಂಶದಲ್ಲಿ ಕೈ ಕೂತವರಿಗೆ ಅದೇ ಕಗಪ ಕೀಲಿಮಣೆ ಲಿನಕ್ಸ್ ಒಳಗೇ ಸಿಗುತ್ತದೆ. ಬರೀ ಇಂಟರ್ನೆಟ್, ಪತ್ರ ಬರೆಯುವುದು, ಮಕ್ಕಳ ಓದು ಇದ್ದರೆ ಧಾರಾಳವಾಗಿ ಹಾಕಿಕೊಳ್ಳಿ.

ಆನ್‌ಲೈನ್ ಸೆಂಟರಿಗೆ ಮಾತ್ರ ನಾನು ಹಾಗೆ ಹೇಳಲಾರೆ. ಕಾರಣ ಮೇಜಿನ ಮೇಲಿರುವ ಆ ಬೆರಳಚ್ಚು ಯಂತ್ರ. ಅದರ ಜೊತೆ, ಬೆರಳಚ್ಚನ್ನು ಆಧಾರ್ ಪರಿಶೀಲನೆಗೆ ಒದಗಿಸುವ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ಓಡಬೇಕು, ಅದನ್ನು ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೇ ಬರೆದಿರುತ್ತಾರೆ. ಡಿಜಿಟಲ್ ಸಹಿಯ ಟೋಕನ್ನಿನದೂ ಅದೇ ಕಷ್ಟ. ಅದರ ಮೇಲೆ ಆರ್‌ಡಿ ಸರ್ವಿಸ್‌ಗೆ ಅವಧಿ ಮುಗಿದ ಮೇಲೆ ರೀಚಾರ್ಜ್ ಮಾಡಿಸಬೇಕು. ಆಧಾರ್ ಪ್ರಾಧಿಕಾರ ಹಳೆಯ ಎಲ್-0 ಬಗೆಯ ಬೆರಳಚ್ಚು ಯಂತ್ರದಿಂದ ಹೆಚ್ಚು ಭದ್ರತೆಯ ಎಲ್-1ಕ್ಕೆ ಬದಲಾಗಲು ಹೇಳಿದಾಗ, ಗಾಜಿನ ಮೇಲೆ ಒಂದು ಗೀರೂ ಇಲ್ಲದ ಯಂತ್ರಗಳನ್ನು ಪಕ್ಕಕ್ಕಿಟ್ಟು ಹೊಸದು ಕೊಳ್ಳಬೇಕಾಯಿತು. ನಕಲಿ ಬೆರಳಚ್ಚಿನ ಮೋಸ ತಡೆಯಲು ಅದು ಬೇಕಿತ್ತು, ಒಪ್ಪುತ್ತೇನೆ. ಕೊಂಡವನ ಮೇಜಿನ ಡ್ರಾಯರಿನಲ್ಲಿ ಹಳೆಯದು ಈಗಲೂ ಬಿದ್ದಿದೆ.

ಹೊಸ ಲ್ಯಾಪ್‌ಟಾಪ್ ಕೊಳ್ಳಲೇಬೇಕಾದವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಈಗಿನ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿದ ಕೂಡಲೇ ಡಿಸ್ಕಿಗೆ ಗೂಢಲಿಪಿಯ ಬೀಗ ತಾನಾಗಿಯೇ ಬೀಳುವುದುಂಟು. ಆ ಬೀಗದ ಕೈ 48 ಅಂಕಿಯ ಒಂದು ಸಂಖ್ಯೆ. ಆ ಸಂಖ್ಯೆ ಉಳಿಯುವುದು ಆ ಖಾತೆಯಲ್ಲಿ. ಎಷ್ಟೋ ಸಲ ಅಂಗಡಿಯವರೇ ‘ನಾವು ಚಾಲೂ ಮಾಡಿ ಕೊಡ್ತೀವ್ರಿ’ ಎಂದು ತಮ್ಮದೊಂದು ಇ-ಮೇಲ್ ಹಾಕಿ ಕೊಡುತ್ತಾರೆ. ಮುಂದೆ ಒಂದು ದಿನ ಬಯೋಸ್ (ಕಂಪ್ಯೂಟರನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದಾಗಲೋ, ಮದರ್‌ಬೋರ್ಡ್ ಬದಲಿಸಿದಾಗಲೋ ನೀಲಿ ಪರದೆ ಬಂದು ಆ 48 ಅಂಕಿ ಕೇಳುತ್ತದೆ. ಸಂಖ್ಯೆ ಇಲ್ಲದಿದ್ದರೆ ಒಳಗಿನ ಫೋಟೊ, ಪ್ರಾಜೆಕ್ಟ್, ಲೆಕ್ಕ ಯಾವುದನ್ನೂ ಯಾರೂ ತೆಗೆಯಲಾರರು. ಆದ್ದರಿಂದ ಖಾತೆ ನಿಮ್ಮದೇ ಇ-ಮೇಲ್, ನಿಮ್ಮದೇ ಮೊಬೈಲ್ ನಂಬರಿನಲ್ಲಿ ಇರಲಿ. ಆ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಹೊಲದ ಕಾಗದಪತ್ರದ ಜೊತೆ ಇಡಿ.

ಕೊಳ್ಳುವಾಗ ರ‍್ಯಾಮ್ ಬಗ್ಗೆಯೂ ಕೇಳಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮುಂದೆ ಹೆಚ್ಚಿಸಲು ಬರುವುದಿಲ್ಲ, ಕೆಟ್ಟರೆ ಇಡೀ ಬೋರ್ಡ್. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಭಾರಿ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಎಲ್ಲೋ ದೂರದ ಸರ್ವರುಗಳಿಗಾಗಿ ಇಲ್ಲಿ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ 8 ಜಿಬಿ ಪಟ್ಟಿಯ ದರ ಬದಲಾಗುತ್ತದೆ. ಹಾಗಿರುವಾಗ ಇರುವ ಯಂತ್ರವನ್ನು ಉಳಿಸಿಕೊಳ್ಳುವುದಕ್ಕೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ ಅಲ್ವಾ?

ಉಳಿಸಿಕೊಳ್ಳಲು ಬಿಡಿಭಾಗ ಸಿಗಬೇಕು. ಎರಡು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪಿನ ಕೀಲು ಮುರಿಯಿತು. ಪರದೆ, ಕೀಬೋರ್ಡ್ ಎಲ್ಲ ಚೆನ್ನಾಗಿದ್ದವು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಊರಲ್ಲಿರಲಿಲ್ಲ. ರೈಲು ಹತ್ತಿ ಹೈದರಾಬಾದಿಗೆ ಒಯ್ದೆ. ಕೀಲು ಒಂದೇ ಬರುವುದಿಲ್ಲ, ಮೇಲಿನ ಮುಚ್ಚಳ ಪೂರ್ತಿ ಬದಲಿಸಬೇಕು ಎಂದರು. ಹೇಳಿದ ಮೊತ್ತ ಹಳೆಯ ಲ್ಯಾಪ್‌ಟಾಪಿನ ಬೆಲೆಯ ಹತ್ತಿರವೇ ಇತ್ತು. ವಾಪಸ್ ತಂದೆ. ತೀನ್ ಕಂದೀಲ್ ಹತ್ತಿರದ ಒಬ್ಬ ಹುಡುಗ ಎಪಾಕ್ಸಿ ಅಂಟು, ಎರಡು ಸಣ್ಣ ತಿರುಪು, ಒಂದು ತಗಡಿನ ಚೂರು ಹಾಕಿ ಕೂರಿಸಿಕೊಟ್ಟ. ಈ ಲೇಖನ ಬರೆಯುತ್ತಿರುವುದು ಅದರಲ್ಲೇ. ಇಂಥ ಕೈಗಳು ನಮ್ಮ ಊರುಗಳಲ್ಲಿ ಬಹಳ ಇವೆ. ಅವರಿಗೆ ಬೇಕಾದ್ದು ಬಿಡಿಭಾಗ ಮತ್ತು ಯಂತ್ರದ ನಕ್ಷೆ. ಅವೆರಡೂ ಕಂಪನಿಯ ಹತ್ತಿರವೇ ಉಳಿದಿವೆ.

ಸರ್ಕಾರಕ್ಕೂ ಈ ವಿಷಯ ಗೊತ್ತಿಲ್ಲದೆ ಇಲ್ಲ. ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಬಂತು. ಕಂಪನಿಗಳು ಕೈಪಿಡಿ, ವಾರಂಟಿ, ಸರ್ವಿಸ್ ಸೆಂಟರಿನ ವಿವರ ಅಲ್ಲಿ ಕೊಡಬೇಕೆಂಬುದು ಉದ್ದೇಶ. ಯಾವ ವಸ್ತು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ಸೂಚ್ಯಂಕಕ್ಕಾಗಿ ಇನ್ನೊಂದು ಸಮಿತಿ 2025ರಲ್ಲಿ ವರದಿ ಕೊಟ್ಟಿದೆ. ಫ್ರಿಜ್ಜಿನ ಮೇಲೆ ಕರೆಂಟ್ ಉಳಿತಾಯದ ನಕ್ಷತ್ರ ಇರುವಂತೆ ಲ್ಯಾಪ್‌ಟಾಪಿನ ಮೇಲೂ ಆ ಅಂಕ ಬಂದರೆ, ಕೊಳ್ಳುವಾಗಲೇ ನಮಗೆ ಅರ್ಧ ವಿಷಯ ತಿಳಿಯುತ್ತದೆ. ಅದು ಬೇಗ ಬರಬೇಕು.

ಅಲ್ಲಿಯವರೆಗೂ ಕೈಯಲ್ಲಿರುವ ಕಾನೂನು ದುರ್ಬಲವೇನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ರಾಯಚೂರಿನವರು ಬೆಂಗಳೂರಿಗೆ ಓಡಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915 ಸಹಾಯವಾಣಿಗೆ ಫೋನ್ ಮಾಡಿದರೂ ಸರಿ. ‘ಅಂಗಡಿಗೆ ಕೊಂಡದ್ದು, ನೀವು ಗ್ರಾಹಕರಲ್ಲ’ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸಲು ಕೊಂಡವರನ್ನೂ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಇನ್ನೊಂದು ಮುಖ್ಯ ಸಂಗತಿ: ಮಾರಿದ ವಸ್ತುವಿಗೆ, ಮಾಡಿದ ಸೇವೆಗೆ ಬಿಲ್ ಕೊಡದಿರುವುದೇ ಆ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ.

ಬಿಲ್ಲಿನ ಈ ವಿಷಯ ಓದಿಕೊಂಡ ಮೇಲೆ ಗೆಳೆಯನ ಅಂಗಡಿಯಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ರಿಪೇರಿಗೆ ಯಾರೇ ಬರಲಿ, ಏನು ಕೆಟ್ಟಿದೆ ಎಂದು ಬಿಲ್ಲಿನಲ್ಲಿ ಹೆಸರು ಹಿಡಿದು ಬರೆದು ಕೊಡಿ ಎಂದು ಕೇಳುತ್ತೇವೆ. ‘ಹಳೇದು’ ಅಂತ ಬರೆದರೆ ತಗೊಳ್ಳುವುದಿಲ್ಲ. ಮೊದಮೊದಲು ಬೇಸರ ಮಾಡಿಕೊಂಡರು. ಮೊನ್ನೆ ಪ್ರಿಂಟರ್ ಕಾಗದ ಎಳೆಯುತ್ತಿರಲಿಲ್ಲ. ನಿಂತಲ್ಲಿಂದಲೇ ನೋಡಿ ಹೋಗಿದ್ದ ಅದೇ ರಿಪೇರಿಯವರು ಬಂದರು. ಈ ಸಲ ಚಪ್ಪಲಿ ಬಿಟ್ಟು ನೆಲಕ್ಕೆ ಕೂತರು, ತಗಡು ಬಿಚ್ಚಿದರು, ಟಾರ್ಚ್ ಹಾಕಿ ನೋಡಿದರು. ಒಂದು ಸಣ್ಣ ರಬ್ಬರ್ ರೋಲರ್ ಸವೆದು ನುಣುಪಾಗಿತ್ತು. ಅದನ್ನು ಬೆರಳಲ್ಲಿ ಹಿಡಿದು ನಮಗೂ ತೋರಿಸಿದರು. ಬಿಲ್ಲಿನಲ್ಲಿ ‘ಪಿಕಪ್ ರೋಲರ್ 1’ ಎಂದು ಬರೆದು ಸಹಿ ಹಾಕಿ ಕೊಟ್ಟರು.